ಬಾಲಕರ ರಕ್ತಾರ್ಬುದವೂ ಊರಿನ ಆಸ್ಪತ್ರೆಯೂ

ಅರ್ಬುದವೆಂಬ ಹೆಸರು ನಮ್ಮ ವೈದ್ಯಶಾಸ್ತ್ರಕ್ಕೆ ಹೊಸತಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿಯೇ ಅದರ ಲಕ್ಷಣಗಳು ಹೇಳಲ್ಪಟ್ಟಿವೆ. ಆದರೆ ಬಾಲಕರಿಗೆ ಬರುವ ರಕ್ತಾರ್ಬುದಕ್ಕೆ, ಎಂದರೆ ಜನರು ರಕ್ತದ ಕ್ಯಾನ್ಸರ್ ಎನ್ನುವ ವ್ಯಾಧಿಗೆ, ಮದ್ದು ದೊರೆತುದು ಈಚೆಗೆ. 1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ಡಾಕ್ಟರ್ ಸಿಡ್ನಿ ಫಾರ್ಬರರು ಅಮಿನೋಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟ ವರದಿಯನ್ನು ಪ್ರಕಟಿಸಿದರು. 10 ಮಂದಿಯಲ್ಲಿ ರೋಗವು ಕೆಲವು ಕಾಲ ತಗ್ಗಿತ್ತು. ಆ ಔಷಧವು ಹುಟ್ಟಿದ ಪ್ರಯೋಗಶಾಲೆಯ ಸಂಶೋಧನಾಧ್ಯಕ್ಷರು ಆಂಧ್ರದೇಶದ ಯಲ್ಲಾಪ್ರಗಡ ಸುಬ್ಬರಾಯರು. ಅವರು ಅದೇ ವರ್ಷ ತೀರಿಕೊಂಡರು.

ಒಂದೇ ಮದ್ದಿನಿಂದ ತಗ್ಗಿದ ರೋಗವು ಮರಳಿ ಬರುತ್ತಿದ್ದಿತು. ಆದುದರಿಂದ ಹಲವು ಔಷಧಗಳನ್ನು ಎರಡು ಮೂರು ವರ್ಷಗಳ ಪರ್ಯಂತ ಕ್ರಮವಾಗಿ ಕೊಡುವ ಪದ್ಧತಿಯು ಬೆಳೆಯಿತು. ಸಂಪನ್ನ ದೇಶಗಳಲ್ಲಿ ಇಂದು ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿ ಗುಣಹೊಂದುತ್ತಾರೆ. ಆದರೆ ಅಷ್ಟು ದೀರ್ಘಕಾಲ ಮಗುವನ್ನು ದೊಡ್ಡ ಆಸ್ಪತ್ರೆಯಲ್ಲಿಯೇ ಇರಿಸಲಾಗದು. ಬಹುಭಾಗವನ್ನು ಅದು ತನ್ನ ಮನೆಯಲ್ಲಿಯೇ ಕಳೆಯಬೇಕಾಗುವುದು.

ನಮ್ಮ ನಾಡಿನಲ್ಲಿ ಈ ರೋಗಕ್ಕೆಂದೇ 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸ್ಥಾಪಿತವಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರು. ಮಜ್ಜೆಯನ್ನು ಪರೀಕ್ಷಿಸಿ ರೋಗವನ್ನು ನಿರ್ಣಯಿಸುವುದು, ಔಷಧಕ್ರಮವನ್ನು ಗೊತ್ತುಮಾಡುವುದು ಇವು ತಜ್ಞರ ಕಾರ್ಯ. ಆದರೆ ಈ ಔಷಧಗಳಿಂದ ರಕ್ತದ ಬಿಳಿಯ ಕಣಗಳು ಕುಗ್ಗಿರುವಾಗ ಜ್ವರ ಬಂದಲ್ಲಿ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯವುಂಟು. ಆಸ್ಪತ್ರೆಯನ್ನು ಸೇರಿದ ಒಂದು ಗಂಟೆಯೊಳಗೆ ಸೋಂಕುನಾಶಕ ಔಷಧವು ರಕ್ತನಾಳವನ್ನು ಸೇರಬೇಕು. ಅಂಥ ಮಗುವನ್ನು ಬೆಂಗಳೂರಿನ ಬಸ್ಸಿಗೆ ಹತ್ತಿಸುವುದೆಂದರೆ ಆ ಗಂಟೆಯನ್ನು ಹಾದಿಯಲ್ಲಿ ಚೆಲ್ಲಿದಂತೆ. ಅಲ್ಲಿ ಕಾಯತಕ್ಕುದು ಸಮೀಪದ ಆಸ್ಪತ್ರೆಯೇ.

ಇಂಗ್ಲೆಂಡಿನಲ್ಲಿ ಪ್ರಧಾನ ಕೇಂದ್ರವೂ ಊರಿನ ಆಸ್ಪತ್ರೆಯೂ ಸೇರಿ ಚಿಕಿತ್ಸೆ ನಡೆಸುವ ಏರ್ಪಾಡು ಉಂಟು; 2005ರ ಸರಕಾರಿ ಮಾರ್ಗಸೂಚಿಯು ಇದಕ್ಕೆ ಖಚಿತವಾದ ರೂಪವನ್ನು ಕೊಟ್ಟಿತು. 2030ರೊಳಗೆ ನೂರಕ್ಕೆ 60 ಮಂದಿ ಮಕ್ಕಳಾದರೂ ಬದುಕಬೇಕೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಇಟ್ಟುಕೊಂಡಿತು.

ಇದಕ್ಕೆ ನಮ್ಮಲ್ಲಿ ಮೊದಲು ಬೇಕಾದುದು ಒಂದು ಕಾಗದ. ರೋಗದ ಹೆಸರು, ನಡೆಯುತ್ತಿರುವ ಔಷಧಕ್ರಮ, ಕಡೆಯ ಮದ್ದಿನ ದಿನ, ರಕ್ತಕಣಗಳ ಲೆಕ್ಕ, ಜ್ವರ ಬಂದರೆ ಮಾಡತಕ್ಕುದು, ತಜ್ಞರ ದೂರವಾಣಿ ಇಷ್ಟೂ ಅದರಲ್ಲಿರಬೇಕು. ಮಗು ಮನೆಗೆ ಮರಳಿದ ವಾರದಲ್ಲಿಯೇ ತಂದೆತಾಯಿಗಳು ಅದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ ಮಗುವಿನ ಪರಿಚಯ ಮಾಡಿಸತಕ್ಕುದು. ಜ್ವರವು ಬಂದ ಬಳಿಕ ಪರಿಚಯ ಹೇಳಿಕೊಳ್ಳಲು ವೇಳೆಯಿರುವುದಿಲ್ಲ.