ಒಳಲೆ, ಸೀಸೆ ಮತ್ತು ಹಾಲೂಡಿಸುವ ಕೈ

ಹರಿಹರನ ರಗಳೆಗಳಲ್ಲಿ ಕೋಳೂರು ಕೊಡಗೂಸಿನ ಕಥೆಯನ್ನು ಕೇಳದ ಕನ್ನಡಿಗರು ಕಡಮೆ. ಪರಊರಿಗೆ ಹೊರಟ ತಂದೆ ಶಿವನಿಗೆ ಹಾಲನ್ನು ಅರ್ಪಿಸುವ ಕೆಲಸವನ್ನು ಮಗಳಿಗೆ ಒಪ್ಪಿಸಿ ಹೋಗುತ್ತಾನೆ. ದೇವರು ಹಾಲನ್ನು ನಿಜವಾಗಿಯೂ ಕುಡಿಯುತ್ತಾನೆಂದೇ ನಂಬಿದ ಆ ಮುಗ್ಧೆ ಹಾಲನ್ನು ಮುಂದಿಟ್ಟು ಕಾಯುತ್ತಾಳೆ. ದೇವರು ಕುಡಿಯನು. ಬೇಡುತ್ತಾಳೆ, ರಮಿಸುತ್ತಾಳೆ, ಅಳುತ್ತಾಳೆ. ಕೊನೆಗೆ ತಲೆಯನ್ನೇ ಚಚ್ಚಿಕೊಳ್ಳಲು ಹೊರಡುತ್ತಾಳೆ. ಆಗ ಶಿವನು ಹಾಲನ್ನು ಸ್ವೀಕರಿಸುತ್ತಾನೆ.

ಹದಿನೈದು ವರ್ಷಗಳ ಹಿಂದೆ, ಹೆರಿಗೆಯ ರಜೆ ಮುಗಿಸಿ ಕಾಲೇಜಿಗೆ ಮರಳಿದ ವಾರದಲ್ಲಿಯೇ ನಾನು ಈ ರಗಳೆಯನ್ನು ಪಾಠ ಹೇಳಬೇಕಾಗಿ ಬಂತು. ಮನೆಯಲ್ಲಿ ನಮ್ಮ ಅತ್ತೆಯವರ ಮಡಿಲಲ್ಲಿದ್ದ ಐದು ತಿಂಗಳ ನನ್ನ ಮಗಳು ಹಾಲಿನ ಸೀಸೆಯನ್ನು ಕಂಡರೆ ಸಾಕು, ಬಾಯಿ ಬಿಗಿದು, ಮುಖ ತಿರುಗಿಸಿ, ಬೆನ್ನು ಸೆಟೆದು ಅಳುತ್ತಿದ್ದಳು. ಸೀಸೆಯಲ್ಲಿದ್ದುದು ಬೇರೆಯ ಹಾಲೇನೂ ಅಲ್ಲ. ಬೆಳಗಿನ ಜಾವ ನಾನೇ ಹಿಂಡಿಟ್ಟುಹೋದ ಎದೆಹಾಲು. ಕೊಡಗೂಸಿನ ಕಳವಳವನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದಂತೆ ನನ್ನ ಗಂಟಲು ಕಟ್ಟಿತು. ಅಂದಿನ ಪಾಠ ಅರ್ಧಕ್ಕೆ ನಿಂತಿತು. ತಾಯಿಯಲ್ಲದವರ ಕೈಯಿಂದ ಹಾಲು ಕುಡಿಯಲೊಲ್ಲದ ಈ ಹಟ ನಮ್ಮ ಮನೆಯದು ಮಾತ್ರವೇ, ಇಲ್ಲವೆ ಹಿಂದಿನವರೂ ಕಂಡದ್ದೇ ಎಂಬ ಪ್ರಶ್ನೆ ಅಂದು ನನ್ನಲ್ಲಿ ಹುಟ್ಟಿತು. ಅದರ ಬೆನ್ನು ಹತ್ತಿದಾಗ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಪ್ರಾಚೀನರು ತಾಯಿಯ ಬದಲಿಗೆ ಮೊದಲು ನೆನೆದದ್ದು ಪಾತ್ರೆಯನ್ನಲ್ಲ, ಇನ್ನೊಬ್ಬ ಹೆಂಗಸನ್ನು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಧಾತ್ರಿಯನ್ನು, ಅಂದರೆ ಮೊಲೆಯೂಡಿಸುವ ದಾದಿಯನ್ನು, ಆರಿಸುವ ಬಗೆಯನ್ನು ವಿಸ್ತಾರವಾಗಿ ಹೇಳಿದೆ. ಮಗುವಿಗೆ ಮೊಲೆ ಕೊಡುವ ಮುನ್ನ ಸ್ವಲ್ಪ ಹಾಲನ್ನು ಹಿಂಡಿ ಚೆಲ್ಲಬೇಕು. ಇಲ್ಲವಾದರೆ ಹಾಲು ಒಮ್ಮೆಗೇ ನುಗ್ಗಿ ಮಗುವಿಗೆ ಕೆಮ್ಮು, ಉಬ್ಬಸ, ವಾಂತಿಗಳಾಗುವುವು ಎಂಬ ಎಚ್ಚರಿಕೆ ಅಲ್ಲಿದೆ. ಎದೆಹಾಲು ದೊರೆಯದಿದ್ದರೆ ಆಡಿನ ಅಥವಾ ಹಸುವಿನ ಹಾಲನ್ನು ಕೊಡಬೇಕೆಂದೂ ಹೇಳಿದೆ. ಈ ‘ಧಾತ್ರಿ’ಯ ತದ್ಭವವೇ ನಮ್ಮ ‘ದಾದಿ’. ಮೊಲೆಯೂಡಿಸಿದವಳ ಹೆಸರು ಇಂದು ಆಸ್ಪತ್ರೆಯಲ್ಲಿ ರೋಗಿಗಳ ಶುಶ್ರೂಷೆ ಮಾಡುವವಳಿಗೆ ಸಂದಿದೆ. ಆದರೆ ಅರಮನೆಯ ಮಗುವಿಗೆ ಹಾಲೆರೆದ ಆ ದಾದಿಯ ಸ್ವಂತ ಮಗು ಆ ಹೊತ್ತಿನಲ್ಲಿ ಯಾರ ಕೈಯಲ್ಲಿ ಏನು ಕುಡಿಯುತ್ತಿತ್ತು? ನಮ್ಮ ಕಾವ್ಯಗಳನ್ನು ಓದುವಾಗ ಈ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ.

ಪಾತ್ರೆಯಿಂದ ಹಾಲೂಡಿಸುವುದೂ ಹೊಸತಲ್ಲ. ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ ಮಕ್ಕಳ ಗೋರಿಗಳಿಂದ ದೊರೆತ, ಸಣ್ಣ ಮೂತಿಯುಳ್ಳ ಮಣ್ಣಿನ ಕುಡಿಕೆಗಳನ್ನು ವಿಜ್ಞಾನಿಗಳು ಪರೀಕ್ಷಿಸಿದರು. ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ಆ ಕುಡಿಕೆಗಳಲ್ಲಿ ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಜಿಡ್ಡು ಉಳಿದಿರುವುದು ೨೦೧೯ರಲ್ಲಿ ಪ್ರಕಟವಾಯಿತು. ಇಂಥ ಪ್ರಾಚೀನ ಕುಡಿಕೆಗಳಲ್ಲಿ ಕೆಲವು ಪ್ರಾಣಿಗಳ ಆಕಾರದಲ್ಲಿವೆ. ಒಲ್ಲದ ಮಗುವನ್ನು ಒಲಿಸಿಕೊಳ್ಳಲು ಯಾವ ತಾಯಿ ಅಥವಾ ಅಜ್ಜಿ ಅವನ್ನು ಮಾಡಿಸಿದಳೋ!

ನಮ್ಮಲ್ಲಿ ಆ ಸ್ಥಾನ ಒಳಲೆಯದು. ಬೆಳ್ಳಿಯದೋ ಹಿತ್ತಾಳೆಯದೋ ಪುಟ್ಟ ಬಟ್ಟಲು. ಒಂದು ಕಡೆ ನೀಳವಾಗಿ ಚಾಚಿದ ಮೂತಿ. ಕೆಲವೇ ಚಮಚ ಹಾಲು ಹಿಡಿಯುವ ಈ ಪಾತ್ರೆಯನ್ನು ತಮಿಳರು ಪಾಲಾಡೈ ಎನ್ನುತ್ತಾರೆ. ತೆರೆದ ಪಾತ್ರೆಯಾದುದರಿಂದ ಬೆರಳಾಡಿಸಿ ತೊಳೆಯಬಹುದು, ಕುದಿಯುವ ನೀರಿಗೆ ಹಾಕಬಹುದು. ಹಾಗೆಂದು ಹಳೆಯದನ್ನೆಲ್ಲ ಹೊಗಳುವುದು ಸಲ್ಲದು. ಚಾಚಿದ ಕಾಲುಗಳ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಅದು ಅಳಲು ಬಾಯಿ ತೆರೆದಾಗ ಒಳಲೆಯನ್ನು ಬಗ್ಗಿಸುವ ಪದ್ಧತಿಯೂ ಎಷ್ಟೋ ಮನೆಗಳಲ್ಲಿ ಇತ್ತು. ಹಾಗೆ ಸುರಿದ ಹಾಲು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ ತರಬಲ್ಲದು.

ಇನ್ನು ಸೀಸೆಯ ಕಥೆ. ಅಮೆರಿಕದ ಎಲೈಜಾ ಪ್ರ್ಯಾಟ್ ಎಂಬಾತ ರಬ್ಬರಿನ ತೊಟ್ಟಿಗೆ ೧೮೪೫ರಲ್ಲಿ ಪೇಟೆಂಟು ಪಡೆದ. ಮುಂದೆ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಗಾಜಿನ ಸೀಸೆಗೆ ಉದ್ದನೆಯ ರಬ್ಬರಿನ ಕೊಳವೆಯನ್ನು ಜೋಡಿಸಿ, ಅದರ ತುದಿಗೆ ತೊಟ್ಟನ್ನಿಟ್ಟು ಮಾರತೊಡಗಿದರು. ಸೀಸೆಯನ್ನು ಮಗುವಿನ ಪಕ್ಕದಲ್ಲಿಟ್ಟು ತೊಟ್ಟನ್ನು ಬಾಯಿಗೆ ಕೊಟ್ಟರೆ ತೀರಿತು. ಹಿಡಿದು ಕುಳಿತುಕೊಳ್ಳುವವರು ಬೇಡ. ಆದರೆ ಆ ಕೊಳವೆಯನ್ನು ಒಳಗಿನಿಂದ ತೊಳೆಯುವ ಉಪಾಯವಿರಲಿಲ್ಲ. ಹಾಲು ಹಳಸಿ, ಕ್ರಿಮಿಗಳು ಬೆಳೆದು, ಭೇದಿಗೆ ತುತ್ತಾದ ಹಸುಳೆಗಳು ಅಸಂಖ್ಯ. ಜನ ಅದನ್ನು ‘ಕೊಲೆಗಾರ ಸೀಸೆ’ ಎಂದು ಕರೆದರು. ಫ್ರಾನ್ಸ್ ದೇಶ ೧೯೧೦ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಿತು. ಹಾಲೂಡಿಸುವ ಕೆಲಸದಿಂದ ಮನುಷ್ಯನ ಕೈಯನ್ನೇ ತಪ್ಪಿಸಹೊರಟ ಜಾಣತನಕ್ಕೆ ತೆತ್ತ ಬೆಲೆ ಅದು.

ಸೀಸೆಯ ಜೊತೆಗೆ ಪುಡಿಹಾಲೂ ಬಂತು. ಸ್ವಿಟ್ಸರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ೧೮೬೭ರಲ್ಲಿ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದವರಲ್ಲಿ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಮುಖ್ಯರು. ಗುಜರಾತಿನ ಅಮುಲ್ ಸಂಸ್ಥೆ ಅದನ್ನು ಬಳಕೆಗೆ ತಂದಿತು. ತಾಯಿಯಿಲ್ಲದ ಮಕ್ಕಳಿಗೆ ಇದು ವರವೇ ಸರಿ. ಆದರೆ ಶುದ್ಧ ನೀರಿಲ್ಲದ ಮನೆಗಳಲ್ಲಿ, ಎದೆಯಲ್ಲಿ ಹಾಲಿರುವ ತಾಯಂದಿರೂ ಜಾಹೀರಾತಿಗೆ ಮರುಳಾಗಿ ಸೀಸೆ ಹಿಡಿದಾಗ ಅದೇ ವರ ಶಾಪವಾಯಿತು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ೧೯೩೯ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣಕ್ಕೆ ‘ಹಾಲು ಮತ್ತು ಕೊಲೆ’ ಎಂದೇ ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಸಭೆ ೧೯೮೧ರಲ್ಲಿ ಇಂಥ ಮಾರಾಟಕ್ಕೆ ನೀತಿಸಂಹಿತೆಯನ್ನು ಅಂಗೀಕರಿಸಿತು. ಭಾರತ ೧೯೯೨ರ ಕಾಯಿದೆಯಿಂದ ಪುಡಿಹಾಲು, ಹಾಲಿನ ಸೀಸೆ ಎರಡರ ಜಾಹೀರಾತನ್ನೂ ತಡೆಯಿತು.

ಮಗುವಿನ ಹಟಕ್ಕೆ ಕಾರಣಗಳಿವೆ. ಮೊಲೆಯಿಂದ ಹಾಲು ಸೆಳೆಯಲು ದವಡೆಯೂ ನಾಲಿಗೆಯೂ ಒಂದು ರೀತಿಯಲ್ಲಿ ದುಡಿಯಬೇಕು. ರಬ್ಬರಿನ ತೊಟ್ಟಿಗೆ ಇನ್ನೊಂದು ರೀತಿ. ಅಲ್ಲದೆ ಮಗು ತಾಯಿಯನ್ನು ವಾಸನೆಯಿಂದಲೇ ಗುರುತಿಸುತ್ತದೆ. ಆಕೆ ಸಮೀಪದಲ್ಲಿರುವಾಗ ರಬ್ಬರನ್ನು ಏಕೆ ಒಪ್ಪೀತು? ನಮ್ಮ ವೈದ್ಯರು ಹೇಳಿದ್ದು ಇಷ್ಟೇ: ತಾಯಿ ಮನೆಯಿಂದಾಚೆ ಹೋಗಿರಲಿ, ಮಗು ಹಸಿದು ಕಂಗೆಡುವ ಮೊದಲೇ, ಶಾಂತವಾಗಿರುವಾಗ ಪ್ರಯತ್ನಿಸಿ, ಕೂರಿಸಿದಂತೆ ಎತ್ತಿಹಿಡಿಯಿರಿ, ತೊಟ್ಟನ್ನು ಬಾಯಿಗೆ ತುರುಕದೆ ತುಟಿಗೆ ಸೋಕಿಸಿ ಕಾಯಿರಿ, ಸೀಸೆಯನ್ನು ಅಡ್ಡಲಾಗಿ ಹಿಡಿದು, ನಡುನಡುವೆ ಬಿಡುವು ಕೊಡಿ, ಬೇಡವೆಂದರೆ ಬಲವಂತ ಬೇಡ, ಸ್ವಲ್ಪ ಹೊತ್ತಿನ ಮೇಲೆ ನೋಡಿ. ಮೂತ್ರ ಕಡಮೆಯಾದರೆ, ಮಗು ಮಂಕಾದರೆ ಮಾತ್ರ ತಡಮಾಡದೆ ಕರೆತನ್ನಿ. ಸೀಸೆಯೇ ಆಗಬೇಕೆಂದಿಲ್ಲ, ಬಟ್ಟಲು ಅಥವಾ ಒಳಲೆ ಇನ್ನೂ ಮೇಲು ಎಂದೂ ಅವರು ಸೇರಿಸಿದರು.

ಅಂದೇ ಅತ್ತೆಯವರು ಪೆಟ್ಟಿಗೆಯಿಂದ ತಮ್ಮ ಬೆಳ್ಳಿಯ ಒಳಲೆಯನ್ನು ತೆಗೆದರು. ಅಭ್ಯಾಸಬಲದಿಂದ ಕಾಲು ಚಾಚಿದವರು, ವೈದ್ಯರ ಮಾತು ನೆನೆದು ಕಾಲು ಮಡಿಸಿದರು. “ಅರವತ್ತು ವರ್ಷದ ಮೇಲೆ ಹಾಲು ಕುಡಿಸೋದನ್ನ ಕಲೀತಿದೀನಿ ನೋಡಮ್ಮ” ಎಂದು ನಕ್ಕರು. ಮಗುವನ್ನು ಎದೆಗೊರಗಿಸಿ ಕೂರಿಸಿ, ನಾನು ಉಟ್ಟು ಬಿಟ್ಟಿದ್ದ ಹತ್ತಿ ಸೀರೆಯನ್ನು ಅದಕ್ಕೆ ಹೊದಿಸಿ, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ ಕಾದರಂತೆ. ಮೂರು ದಿನ ಸೆರಗೆಲ್ಲ ಹಾಲು. ನಾಲ್ಕನೆಯ ದಿನ ನಾಲಿಗೆ ಹೊರಬಂದು ಹಾಲನ್ನು ಮುಟ್ಟಿತು. ಐದನೆಯ ದಿನ ಎರಡು ಒಳಲೆ ಒಳಗಿಳಿಯಿತು. ಮೂರು ವಾರಗಳ ಮೇಲೆ ಸೀಸೆಯನ್ನೂ ಒಪ್ಪಿಕೊಂಡಳು, ಅಜ್ಜಿಯ ಕೈಯಲ್ಲಿ ಮಾತ್ರ. ನಾನು ಹಿಡಿದರೆ ಮುಖ ತಿರುಗಿಸಿ ನನ್ನ ಸೆರಗನ್ನು ಎಳೆಯುತ್ತಿದ್ದಳು.

ನಮ್ಮ ಮನೆಯಲ್ಲಿ ಅಜ್ಜಿಯಿದ್ದರು. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ, ಕಟ್ಟಡದಲ್ಲಿ ಇಟ್ಟಿಗೆ ಹೊರುವ ತಾಯಿಯ ಮಗುವಿಗೆ ಯಾರಿದ್ದಾರೆ? ಹಾಲೂಡಿಸಲು ದಿನಕ್ಕೆ ಎರಡು ಬಿಡುವುಗಳನ್ನು ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಯೇ ವಿಧಿಸಿತ್ತು. ೨೦೧೭ರ ತಿದ್ದುಪಡಿ ರಜೆಯನ್ನು ೨೬ ವಾರಗಳಿಗೆ ಏರಿಸಿ, ೫೦ ಮಂದಿ ದುಡಿಯುವಲ್ಲಿ ಶಿಶುವಿಹಾರವಿರಬೇಕೆಂದಿತು. ಕಾಗದದ ಮೇಲಿನ ಈ ಮಾತು ಎಷ್ಟು ತಾಯಂದಿರ ಮಡಿಲನ್ನು ಮುಟ್ಟಿದೆಯೆಂಬುದನ್ನು ಅವರವರ ಊರಿನಲ್ಲಿ ವಾಚಕರೇ ಕಂಡುಕೊಳ್ಳಬಹುದು.

ಕಳೆದ ತಿಂಗಳು ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ರಜೆ ಮುಗಿಸಿ ಬಂದರು. ಮುಖ ನೋಡಿದೊಡನೆಯೇ ಮನೆಯ ಸಂಗತಿ ತಿಳಿಯಿತು. ಅತ್ತೆಯವರು ಈಗಿಲ್ಲ. ಅವರ ಒಳಲೆಯನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಅವರಿಗೆ ಕೊಟ್ಟು ಬಂದೆ. ಮಗುವನ್ನು ಮಲಗಿಸಬೇಡಿ, ಕೂರಿಸಿಕೊಳ್ಳಿ ಎಂದು ಎರಡು ಬಾರಿ ಹೇಳಿದೆ.