ಕುಲುಮೆಯೇ ಚರ್ಚಾಯಿತು
ಮದರ್ ಬೆಥೆಲ್ ಚರ್ಚ್, ಫಿಲಡೆಲ್ಫಿಯಾ

ಈ ನೆಲದ ಮೇಲೆ ನಿಂತ ಮೊದಲ ಪ್ರಾರ್ಥನಾಲಯ ಒಂದು ಹಳೆಯ ಕುಲುಮೆ. 1794ರಲ್ಲಿ ರಿಚರ್ಡ್ ಆಲನ್ ಅದನ್ನು ಬೇರೆಡೆಯಿಂದ ಎಳೆಸಿ ತಂದು ಇಲ್ಲಿ ನಿಲ್ಲಿಸಿದರು. 1760ರಲ್ಲಿ ಗುಲಾಮರಾಗಿ ಹುಟ್ಟಿದ ಆಲನ್, ಸೌದೆ ಕಡಿದು, ಇಟ್ಟಿಗೆಗೂಡಿನಲ್ಲಿ ದುಡಿದು, ತಮ್ಮ ಬಿಡುಗಡೆಯನ್ನು ತಾವೇ ಹಣ ಕೊಟ್ಟು ಪಡೆದವರು.

ಅದಕ್ಕೂ ಮೊದಲು, ಇದೇ ನಗರದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ, ಆಲನ್ ಅವರ ಸಂಗಾತಿ ಅಬ್ಸಲೋಮ್ ಜೋನ್ಸ್ ಅವರನ್ನು, ಕಪ್ಪು ಜನ ಅಲ್ಲಿ ಕೂರುವಂತಿಲ್ಲವೆಂದು ಹಿಡಿದೆಬ್ಬಿಸಿದರು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿ ಎಂದರೂ ಕೇಳಲಿಲ್ಲ. ಕಪ್ಪು ಭಕ್ತರೆಲ್ಲ ಒಟ್ಟಾಗಿ ಹೊರನಡೆದರು. 1793ರಲ್ಲಿ ಹಳದಿ ಜ್ವರ ನಗರಕ್ಕೆ ಬಡಿದಾಗ ರೋಗಿಗಳ ಆರೈಕೆ ಮಾಡಿ, ಶವಗಳನ್ನು ಹೂಳಲು ಮುಂದೆ ಬಂದವರಲ್ಲಿ ಇದೇ ಆಲನ್, ಇದೇ ಜೋನ್ಸ್ ಇದ್ದರು.

ಕಪ್ಪು ಭಕ್ತರು ಸ್ವಂತ ಚರ್ಚು ಕಟ್ಟಿದ ಮೇಲೂ ಅದರ ಹಿಡಿತ ತಮಗೇ ಸೇರಬೇಕೆಂದು ಬಿಳಿಯ ಮೆಥಡಿಸ್ಟರು ಪಟ್ಟುಹಿಡಿದರು. ವ್ಯಾಜ್ಯ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟ್ ಮುಟ್ಟಿ, ತೀರ್ಪು ಬೆಥೆಲ್ ಪರವಾಗಿ ಬಂತು. 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಪಂಥ ಹುಟ್ಟಿತು. ಆಲನ್ ಅದರ ಮೊದಲ ಬಿಷಪ್.

ಬೋಧಕರ ಹರಿದ ಬಟ್ಟೆ ಹೊಲಿದುಕೊಡಲು ಹೆಂಗಸರನ್ನು ಕೂಡಿಸಿದ ರಿಚರ್ಡ್ ಅವರ ಹೆಂಡತಿ ಸಾರಾ ಆಲನ್ ಅವರನ್ನು ಇಲ್ಲಿ ನೆನೆಯಲೇಬೇಕು. ಈಗಿನದು ಇದೇ ಜಾಗದಲ್ಲಿ ಎದ್ದ ನಾಲ್ಕನೆಯ ಕಟ್ಟಡ. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಇದರ ನೆಲಮಾಳಿಗೆಯಲ್ಲಿದೆ.