ರಕ್ತದ ಸ್ಯಾಂಪಲ್ ವಾಪಸ್ ಬಂದಾಗ: ಬಣ್ಣದ ಮುಚ್ಚಳಗಳ ಹಿಂದಿನ ಕಥೆ

ಇವತ್ತಿನ ಮಾತು ಶುರುವಾಗೋದು ಒಂದು ಫೋನ್ ಕರೆಯಿಂದ. ಪುಣೆಯಲ್ಲಿ ನಮ್ಮ ಅತ್ತೆಗೆ ಕೀಮೋ ನಡೀತಿತ್ತು. ಮೂರು ಸಲ ಚುಚ್ಚಿ ರಕ್ತ ತೆಗೆದಿದ್ದರು. ಸಂಜೆ ಲ್ಯಾಬಿನಿಂದ ಫೋನ್: "ಸ್ಯಾಂಪಲ್ ಹೆಪ್ಪುಗಟ್ಟಿದೆ, ಮತ್ತೆ ಕೊಡಬೇಕು." ನನಗೆ ಸಿಟ್ಟೇ ಬಂತು. ಆಮೇಲೆ ಇದರ ಇತಿಹಾಸ ಹುಡುಕಿಕೊಂಡು ಓದಿದೆ.

ಮೈಯಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತೆ. ಸಿಟ್ರೇಟ್ ಬೆರೆಸಿದರೆ ಅದು ನೀರಾಗೇ ಉಳಿಯುತ್ತೆ, ಅಂಥ ರಕ್ತವನ್ನು ರೋಗಿಗೂ ಕೊಡಬಹುದು ಅಂತ 1914-15ರ ಹೊತ್ತಿಗೆ ಬ್ರಸೆಲ್ಸ್‌ನ ಹುಸ್ಟಿನ್, ಬ್ಯೂನಸ್ ಐರಿಸ್‌ನ ಅಗೋಟೆ, ನ್ಯೂಯಾರ್ಕಿನ ಲೂಯಿಸನ್ ತೋರಿಸಿಕೊಟ್ಟರು. 1949ರಲ್ಲಿ ಅಮೆರಿಕದ ಜೋಸೆಫ್ ಕ್ಲೈನರ್ ಗಾಳಿ ತೆಗೆದ ಟ್ಯೂಬಿಗೆ ಪೇಟೆಂಟ್ ಪಡೆದರು. ಒಳಗಿನ ನಿರ್ವಾತವೇ ರಕ್ತವನ್ನು ಎಳೆದುಕೊಳ್ಳುತ್ತೆ. ಯಾವ ಟ್ಯೂಬಿನಲ್ಲಿ ಯಾವ ರಾಸಾಯನಿಕ ಇದೆ ಅಂತ ಹೇಳೋದೇ ಮುಚ್ಚಳದ ಬಣ್ಣ.

ಈಗ ನೋಡಿ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೇಕು. ಕಡಿಮೆ ತುಂಬಿದರೆ ಹೆಪ್ಪುಗಟ್ಟುವ ಸಮಯದ ಲೆಕ್ಕವೇ ತಪ್ಪುತ್ತೆ. ಕೆಂಪು ಕಣ ಒಡೆದರೆ ಒಳಗಿನ ಪೊಟ್ಯಾಸಿಯಂ ಹೊರಬಂದು, ರೋಗಿಯಲ್ಲಿ ಇಲ್ಲದ ಅಪಾಯ ರಿಪೋರ್ಟಿನಲ್ಲಿ ಕಾಣುತ್ತೆ. ಹೆಸರಿನ ಚೀಟಿ ತಪ್ಪಿದರಂತೂ ಇನ್ನೊಬ್ಬರ ರಕ್ತ ನಮ್ಮದಾಗುತ್ತೆ.

ಕ್ಯಾನ್ಸರ್ ರೋಗಿಗಳಿಗೆ ಈ ತೊಂದರೆ ಹೆಚ್ಚು. ಕೀಮೋದಿಂದ ನರ ಗಟ್ಟಿಯಾಗಿರುತ್ತೆ, ರಕ್ತ ನಿಧಾನವಾಗಿ ಬರುತ್ತೆ, ರಾಸಾಯನಿಕದ ಜೊತೆ ಬೆರೆಯೋ ಮೊದಲೇ ಹೆಪ್ಪುಗಟ್ಟುತ್ತೆ. ಎದೆಯ ಪೋರ್ಟಿನಿಂದ ತೆಗೆದರೆ ಅದರಲ್ಲಿ ಉಳಿದ ಸಲೈನ್, ಹೆಪಾರಿನ್ ಸೇರಿಕೊಳ್ಳಬಹುದು.

ಅತ್ತೆಯದು ನೇರಳೆ ಮುಚ್ಚಳದ ಟ್ಯೂಬು, ಕಣಗಳನ್ನು ಎಣಿಸೋಕೆ ಇರೋದು. ಹೆಪ್ಪಿನೊಳಗೆ ಪ್ಲೇಟ್‌ಲೆಟ್ ಸಿಕ್ಕಿಕೊಂಡರೆ ಎಣಿಕೆ ಸುಳ್ಳೇ ಕಡಿಮೆ ಬರುತ್ತೆ. ಆ ಅಂಕಿ ನೋಡಿ ಡಾಕ್ಟರು ಕೀಮೋ ಮುಂದೂಡಬಹುದಿತ್ತು. ಮರುದಿನದ ಸ್ಯಾಂಪಲ್‌ನಲ್ಲಿ ಎಣಿಕೆ ಸರಿಯಾಗಿತ್ತು, ಕೀಮೋ ಆಯಿತು. ನಾನು ಬೈದುಕೊಂಡಿದ್ದ ಲ್ಯಾಬಿನವರೇ ಅವತ್ತು ಅತ್ತೆಯನ್ನು ಕಾಪಾಡಿದ್ದರು.

ಆದರೂ ನಾಲ್ಕನೇ ಚುಚ್ಚಿನ ನೋವು ಅನುಭವಿಸಿದ್ದು ಅತ್ತೆ. ಅದಕ್ಕೇ ನಾವು ಮಾಡಬಹುದಾದದ್ದು ಇಷ್ಟು: ಪೋರ್ಟ್ ಇದ್ದರೆ ಮೊದಲೇ ಹೇಳಿ. ಟ್ಯೂಬನ್ನು ಕುಲುಕದೆ, ಮೆಲ್ಲಗೆ ಎಂಟು-ಹತ್ತು ಸಲ ತಲೆಕೆಳಗು ಮಾಡಿದರಾ ನೋಡಿ. ಹೆಸರು ನಿಮ್ಮ ಎದುರಿಗೇ ಬರೆಸಿ. ಕೇಳೋದಕ್ಕೆ ಸಂಕೋಚ ಬೇಡ.